ಜಲಚಕ್ರ: ಪುತ್ತೂರು, ಸುಳ್ಯ, ಕಡಬ ಸೀಮೆಯ ನಿದರ್ಶನ

ಕಡಲು, ಗಾಳಿ, ನೆಲ ಮತ್ತು ಜೀವರಾಶಿಗಳ ನಡುವೆ ನೀರು ಆವಿ, ಮೋಡ, ಮಳೆ, ಒರತೆ, ಹೊಳೆ ಎಂಬ ರೂಪಗಳಲ್ಲಿ ಎಡೆಬಿಡದೆ ಸುತ್ತುವ ಕ್ರಮಕ್ಕೆ ಜಲಚಕ್ರವೆಂದು ಹೆಸರು. ಭೂಮಿಯ ಒಟ್ಟು ನೀರಿನಲ್ಲಿ ಶೇ. 97ರಷ್ಟು ಕಡಲಿನ ಉಪ್ಪುನೀರು. ಸಿಹಿನೀರು ಶೇ. 2.5ರ ಆಸುಪಾಸು, ಅದರಲ್ಲೂ ಮೂರನೆಯ ಎರಡು ಪಾಲು ಹಿಮವಾಗಿ ಹೆಪ್ಪುಗಟ್ಟಿದೆ, ಉಳಿದುದರ ಬಹುಭಾಗ ನೆಲದಡಿಯಲ್ಲಿದೆ. ಕಣ್ಣಿಗೆ ಕಾಣುವ ನದಿ, ಕೆರೆಗಳ ನೀರು ಸಿಹಿನೀರಿನ ಶೇ. 1ನ್ನೂ ಮುಟ್ಟುವುದಿಲ್ಲ. ಇಷ್ಟು ಸಣ್ಣ ಪಾಲು ಬತ್ತಿಹೋಗದಿರುವುದಕ್ಕೆ ಕಾರಣ ಅದು ಮತ್ತೆ ಮತ್ತೆ ತುಂಬಿಕೊಳ್ಳುವುದು. ವರ್ಷಕ್ಕೆ ಸುಮಾರು 40,000 ಘನ ಕಿ.ಮೀ. ನೀರು ಕಡಲಿನಿಂದ ಆವಿಯಾಗಿ ನೆಲದ ಕಡೆಗೆ ಬರುತ್ತದೆ. ಹೆಚ್ಚುಕಡಿಮೆ ಅಷ್ಟೇ ನೀರು ನದಿಗಳ ಮೂಲಕ ಕಡಲಿಗೆ ಮರಳುತ್ತದೆ. ವರ್ಷದ ಲೆಕ್ಕ ಹೀಗೆ ಸರಿಹೋದರೂ ಒಂದೊಂದು ತಾಣದಲ್ಲಿ ನೀರು ತಂಗುವ ಕಾಲ ಬೇರೆ ಬೇರೆ. ಗಾಳಿಯಲ್ಲಿ ಆವಿ ಸರಾಸರಿ ಒಂಬತ್ತು ಹತ್ತು ದಿನ ಇರುತ್ತದೆ, ನದಿಯಲ್ಲಿ ನೀರು ಕೆಲವು ವಾರ ಇರುತ್ತದೆ, ನೆಲದಡಿಯಲ್ಲಿ ಕೆಲವು ತಿಂಗಳಿಂದ ಹಿಡಿದು ಸಾವಿರಾರು ವರ್ಷ ಇರಬಹುದು. ಒಂದು ಸೀಮೆಯ ನೀರಿನ ಸಿರಿ ಬಡತನಗಳನ್ನು ತೀರ್ಮಾನಿಸುವುದರಲ್ಲಿ ಮಳೆಯ ಪ್ರಮಾಣಕ್ಕಿಂತಲೂ ಈ ತಂಗುವ ಕಾಲವೇ ಮುಖ್ಯವಾಗಬಲ್ಲದು. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲೂಕುಗಳು ಇದಕ್ಕೆ ಒಳ್ಳೆಯ ನಿದರ್ಶನ. ವರ್ಷಕ್ಕೆ 4,000 ಮಿ.ಮೀ. ಆಸುಪಾಸಿನಲ್ಲಿ, ಎಂದರೆ ಭಾರತದ ಸರಾಸರಿಯ ಮೂರು ಪಟ್ಟಿಗೂ ಮಿಕ್ಕಿ ಮಳೆ ಬೀಳುವ ಈ ಸೀಮೆಯಲ್ಲಿ ಏಪ್ರಿಲ್ ಹೊತ್ತಿಗೆ ಎಷ್ಟೋ ಬಾವಿಗಳ ತಳ ಕಾಣುತ್ತದೆ.

ಆವಿಯಿಂದ ಮಳೆ

ನೀರನ್ನು ಮೇಲೆತ್ತುವ ಶಕ್ತಿ ಬಿಸಿಲಿನದು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಶಾಖ ಬೇಕು. ಆವಿ ಮತ್ತೆ ಹನಿಗಟ್ಟುವಾಗ ಆ ಶಾಖ ಗಾಳಿಗೆ ಬಿಡುಗಡೆಯಾಗಿ ಮೋಡವನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಜೂನ್ ಮೊದಲ ವಾರದ ಹೊತ್ತಿಗೆ ನೈಋತ್ಯ ಮಾರುತ ಅರಬ್ಬೀ ಸಮುದ್ರದ ತೇವವನ್ನು ಹೊತ್ತು ಕರಾವಳಿಗೆ ಬರುತ್ತದೆ. ಕರಾವಳಿಯಿಂದ ನೂರು ಕಿ.ಮೀ.ಗಿಂತ ಕಡಿಮೆ ದೂರದಲ್ಲಿ ನೆಲ 1,712 ಮೀ. ಎತ್ತರದ ಕುಮಾರ ಪರ್ವತದವರೆಗೆ ಏರುವುದರಿಂದ ಗಾಳಿಗೂ ಏರದೆ ದಾರಿಯಿಲ್ಲ. ಏರಿದ ಗಾಳಿ ಹಿಗ್ಗಿ ತಣಿಯುತ್ತದೆ. ತಣಿದ ಗಾಳಿ ಹಿಡಿದಿಡಬಲ್ಲ ಆವಿ ಕಡಿಮೆ. ಹೆಚ್ಚಾದ ಆವಿ ಧೂಳು, ಕಡಲುಪ್ಪಿನ ಕಣಗಳ ಸುತ್ತ ಹನಿಗಟ್ಟಿ ಮೋಡವಾಗಿ, ಹನಿಗಳು ಕೂಡಿ ಭಾರವಾದಾಗ ಮಳೆಯಾಗುತ್ತದೆ. ಘಟ್ಟದ ಬುಡದ ಸುಬ್ರಹ್ಮಣ್ಯ, ಗುಂಡ್ಯದ ಕಡೆ ಮಳೆ ಜೋರು. ಅದೇ ಗಾಳಿ ಘಟ್ಟ ದಾಟಿ ಹಾಸನದ ಬಯಲಿಗೆ ಇಳಿಯುವಾಗ ಬಿಸಿಯೇರುವುದರಿಂದ ಅಲ್ಲಿ ಮಳೆ ಇಲ್ಲಿಯ ಕಾಲುಭಾಗಕ್ಕೆ ಇಳಿಯುತ್ತದೆ. ಮಳೆಗೆ ಕಡಲಲ್ಲದೆ ಇನ್ನೊಂದು ಮೂಲವೂ ಉಂಟು. ಕಾಡು, ತೋಟಗಳು ಬೇರಿನಿಂದ ಹೀರಿದ ನೀರನ್ನು ಎಲೆಗಳ ಮೂಲಕ ಗಾಳಿಗೆ ಬಿಡುತ್ತವೆ. ಏಪ್ರಿಲ್–ಮೇ ಹಾಗೂ ಅಕ್ಟೋಬರ್–ನವೆಂಬರ್‌ಗಳ ಸಂಜೆಯ ಗುಡುಗುಮಳೆಯಲ್ಲಿ ಈ ಒಳನಾಡ ತೇವದ ಪಾಲೂ ಸೇರಿರುತ್ತದೆ. ಆದರೆ ಒಟ್ಟು ಮಳೆಯ ಐದರಲ್ಲಿ ನಾಲ್ಕು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಮುಗಿದುಹೋಗುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್ ನಡುವಿನವರೆಗೆ ಆಕಾಶದಿಂದ ಬರುವುದು ಬಹುಮಟ್ಟಿಗೆ ಏನೂ ಇಲ್ಲ. ಆ ಕಾಲದ ನೀರೆಲ್ಲ ನೆಲ ಹಿಡಿದಿಟ್ಟುಕೊಂಡದ್ದು ಮಾತ್ರ.

ಹೊಳೆಯ ಗಿಡ್ಡ ದಾರಿ

ಬಿದ್ದ ನೀರು ಇಲ್ಲಿ ಬೇಗ ಹೋಗಿಬಿಡುವುದಕ್ಕೆ ಮೊದಲ ಕಾರಣ ಭೂಮಿಯ ಇಳಿಜಾರು. ಕೊಡಗಿನ ಘಟ್ಟಸಾಲಿನ ನೆತ್ತಿಯಿಂದ ಪೂರ್ವಕ್ಕೆ ಇಳಿದ ಕಾವೇರಿ ಕಡಲು ಸೇರಲು 800 ಕಿ.ಮೀ. ನಡೆಯಬೇಕು. ಅದೇ ಸಾಲಿನ ಪಶ್ಚಿಮದ ಮಗ್ಗುಲಲ್ಲಿ ಹುಟ್ಟಿ ಸುಳ್ಯ ಪೇಟೆಯ ಬದಿಯಿಂದ ಹರಿಯುವ ಪಯಸ್ವಿನಿ, ಕಾಸರಗೋಡಿನಲ್ಲಿ ಚಂದ್ರಗಿರಿ ಎನಿಸಿಕೊಂಡು ಸುಮಾರು ನೂರು ಕಿ.ಮೀ.ಯಲ್ಲೇ ಕಡಲಿಗೆ ಇಳಿಯುತ್ತದೆ. ಕುಮಾರ ಪರ್ವತದ ಕಡೆಯಿಂದ ಬರುವ ಕುಮಾರಧಾರಾ, ಸಕಲೇಶಪುರದ ಕಾಡುಗಳಿಂದ ಇಳಿಯುವ ಗುಂಡ್ಯ ಹೊಳೆಯನ್ನು ಕೂಡಿಸಿಕೊಂಡು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಉಪ್ಪಿನಂಗಡಿಯ ಆ ಜಾಗವೊಂದನ್ನು ನೋಡಿದರೆ ಸಾಕು, ಈ ಸೀಮೆಯ ಜಲಚಕ್ರದ ಎರಡು ತುದಿಗಳೂ ಗೊತ್ತಾಗುತ್ತವೆ. ಮಳೆಗಾಲದಲ್ಲಿ ಎರಡೂ ನದಿಗಳು ಉಕ್ಕಿ ಸಹಸ್ರಲಿಂಗೇಶ್ವರ ದೇವಸ್ಥಾನದ ಮುಂದೆ ಕೂಡಿದರೆ ಅದು 'ಸಂಗಮ', ಗಂಗಾಪೂಜೆ ನಡೆಯುತ್ತದೆ. ಏಳೆಂಟು ತಿಂಗಳು ಕಳೆದ ಮೇಲೆ ಆ ದೇವಸ್ಥಾನದ ಮಖೆ ಜಾತ್ರೆಗೆ ಜನ ಸೇರುತ್ತಿದ್ದುದು ಅದೇ ನದಿಯ ಬರಿಯ ಮರಳ ಮೇಲೆ. 1923 ಮತ್ತು 1974ರ ನೆರೆಗಳನ್ನು ನೇತ್ರಾವತಿಯ ದಡದ ಊರುಗಳು ಇಂದಿಗೂ ಲೆಕ್ಕವಿಟ್ಟು ನೆನೆಯುತ್ತವೆ. ಅದೇ ನೀರನ್ನು ನಂಬಿದ ಪೇಟೆಗಳು ಬೇಸಗೆಯಲ್ಲಿ ಹನಿಗೆ ಲೆಕ್ಕ ಹಾಕುತ್ತವೆ. ಪುತ್ತೂರು ಪೇಟೆಗೆ ನೀರು ಬರುವುದು ನೆಕ್ಕಿಲಾಡಿಯ ಬಳಿ ಕುಮಾರಧಾರೆಗೆ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಸುಳ್ಯದಲ್ಲಿ ಪಯಸ್ವಿನಿಯ ಹರಿವು ಇಳಿದ ಮೇಲೆ ಮರಳಚೀಲದ ಕಟ್ಟ ಹಾಕಿ ನೀರು ನಿಲ್ಲಿಸಿ ಪಂಪು ಮಾಡಿದ್ದುಂಟು.

ಮುರಕಲ್ಲು ಮತ್ತು ಶೇಡಿ ಮಣ್ಣು

ಎರಡನೆಯ ಕಾರಣ ನೆಲದೊಳಗಿನದು. ಗುಡ್ಡೆಗಳ ಮೇಲಿನ ಪದರ ಮುರಕಲ್ಲು. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಕಂಡು, 1807ರಲ್ಲಿ ಪ್ರಕಟವಾದ ಬರಹದಲ್ಲಿ ಲ್ಯಾಟರೈಟ್ ಎಂದು ಕರೆದ ಕಲ್ಲು ಇದೇ. ಶತಶತಮಾನಗಳ ಮಳೆಗೆ ಸಿಲಿಕ ತೊಳೆದುಹೋಗಿ, ಕಬ್ಬಿಣ, ಅಲ್ಯೂಮಿನಿಯಮ್‌ಗಳ ಅಂಶ ಉಳಿದು, ಮೈತುಂಬ ತೂತಾದ ಈ ಕಲ್ಲು ನೀರನ್ನು ಬೇಗ ಒಳಕ್ಕೆ ಬಿಡುತ್ತದೆ. ಅದರಡಿಯಲ್ಲಿ ನುಣುಪಾದ ಶೇಡಿ ಮಣ್ಣು, ಅದಕ್ಕೂ ಕೆಳಗೆ ಗಟ್ಟಿ ಶಿಲೆ. ಶೇಡಿ ಮಣ್ಣಿನಲ್ಲಿ ನೀರು ಇಳಿಯುವುದು ತೀರ ನಿಧಾನ. ಹೀಗಾಗಿ ಮುರಕಲ್ಲಿಗೆ ಇಂಗಿದ ನೀರು ಶೇಡಿಯ ನೆತ್ತಿಯ ಮೇಲೆ ಅಡ್ಡಕ್ಕೆ ಹರಿದು ಗುಡ್ಡೆಯ ಬುಡದಲ್ಲಿ ಒಸರಾಗಿ ಹೊರಬರುತ್ತದೆ, ತೋಡಿಗೆ, ಎಂದರೆ ಸಣ್ಣ ಹಳ್ಳಕ್ಕೆ, ಸೇರುತ್ತದೆ. ಜುಲೈಯಲ್ಲಿ ಕಟ್ಟೆಯವರೆಗೆ ತುಂಬಿದ ಬಾವಿ ಮಳೆ ನಿಂತ ಕೆಲವೇ ತಿಂಗಳಲ್ಲಿ ಇಳಿಯುವ ಗುಟ್ಟು ಇದು. ಇನ್ನೊಂದು ಸಣ್ಣ ಪಾಲು ಶಿಲೆಯ ಬಿರುಕುಗಳಲ್ಲಿ ಬಹಳ ಆಳಕ್ಕೆ ಹೋಗುತ್ತದೆ. ಪುತ್ತೂರು ತಾಲೂಕಿನ ಇರ್ದೆಯಲ್ಲಿ ಸೀರೆ ಹೊಳೆಯ ಬದಿಯ ಬೆಂದ್ರ್ ತೀರ್ಥದ ಬೆಚ್ಚನೆಯ ನೀರು ಆ ಆಳದ ಸುತ್ತಾಟಕ್ಕೆ ಸಾಕ್ಷಿ. ನೆಲದಡಿಗೆ ಹೋದಂತೆ ಶಾಖ ಏರುವುದರಿಂದ ಅಲ್ಲಿಗೆ ಮುಟ್ಟಿ ಮರಳಿದ ನೀರು ಬಿಸಿಯಾಗಿರುತ್ತದೆ. ಒಂದೇ ಗುಡ್ಡೆಯ ಮೇಲೆ ಒಂದೇ ದಿನ ಬಿದ್ದ ಮಳೆಯಲ್ಲಿ ಒಂದಿಷ್ಟು ಕೆಲವೇ ದಿನಗಳಲ್ಲಿ ಕಡಲು ಮುಟ್ಟುತ್ತದೆ, ಒಂದಿಷ್ಟು ಫೆಬ್ರವರಿಯ ಒಸರಾಗುತ್ತದೆ, ಮತ್ತೊಂದಿಷ್ಟು ತಲೆಮಾರುಗಳ ನಂತರ ಮೇಲೆ ಬರಬಹುದು. ಊರಿಗೆ ದಕ್ಕುವುದು ನಡುವಿನ ಪಾಲು. ಅದನ್ನು ಹಿಗ್ಗಿಸುವುದೇ ಇಲ್ಲಿಯ ನೀರಿನ ವಿದ್ಯೆ.

ತಡೆದು ನಿಲ್ಲಿಸುವ ಹಳೆಯ ಕ್ರಮಗಳು

ಇಲ್ಲಿಯ ಕೃಷಿ ಈ ವಿದ್ಯೆಯನ್ನು ಬಹಳ ಹಿಂದೆಯೇ ಅರಿತಿತ್ತು. ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ವಿಂಗಡಿಸಿದ್ದು ನೀರು ಎಷ್ಟು ಕಾಲ ನಿಲ್ಲುತ್ತದೆ ಎಂಬುದರ ಮೇಲೆ. ಎತ್ತರದ ಬೆಟ್ಟುಗದ್ದೆಯಲ್ಲಿ ಮಳೆಗಾಲದ ಏಣೆಲು ಬೆಳೆ ಮಾತ್ರ; ಮಜಲಿನಲ್ಲಿ ಅದರ ಹಿಂದೆ ಸುಗ್ಗಿಯೂ ಬರುತ್ತಿತ್ತು; ತಗ್ಗಿನ ಬೈಲಿನಲ್ಲಿ ಬೇಸಗೆಯ ಕೊಳಕೆಯೂ ಆಗುತ್ತಿತ್ತು. ಮೂರಕ್ಕೂ ಬೀಳುವ ಮಳೆ ಒಂದೇ. ಒಂದು ಕಡೆ ಒಂದು ಬೆಳೆ, ಇನ್ನೊಂದು ಕಡೆ ಮೂರು ಬೆಳೆ ಆಗುತ್ತಿದ್ದುದಕ್ಕೆ ನೀರು ತಂಗುವ ಕಾಲವಲ್ಲದೆ ಬೇರೆ ಕಾರಣವಿಲ್ಲ. ಈ ಕಾಲವನ್ನು ಉದ್ದ ಮಾಡಲು ಗುಡ್ಡೆಯ ಮೇಲೆ ಮದಕ, ಬುಡದಲ್ಲಿ ಸುರಂಗ, ತೋಡಿಗೆ ಕಟ್ಟ ಎಂಬ ಮೂರು ಉಪಾಯಗಳಿದ್ದವು. ಮದಕವೆಂದರೆ ಎತ್ತರದ ತಗ್ಗಿನಲ್ಲಿ ಮಳೆನೀರು ನಿಂತು ಇಂಗುವ ಕೆರೆ. ಸುರಂಗವೆಂದರೆ ಮುರಕಲ್ಲಿನ ಗುಡ್ಡೆಗೆ ಅಡ್ಡವಾಗಿ ಆಳಕ್ಕೆ ಕೊರೆದ ನೀರಿನ ದಾರಿ. ಪಂಪಿಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ಕಾಸರಗೋಡಿನ ಗಡಿ ಗ್ರಾಮಗಳಿಂದ ಬಂಟ್ವಾಳದ ಮಾಣಿಲ, ಪುತ್ತೂರಿನ ಕಡೆಯವರೆಗೆ ಇವು ಹಬ್ಬಿವೆ. ಅಡ್ಯನಡ್ಕದ ಸಮೀಪ ಒಬ್ಬರೇ ಸುರಂಗಗಳನ್ನು ಕೊರೆದು ಬೋಳುಗುಡ್ಡೆಯಲ್ಲಿ ತೋಟ ಎಬ್ಬಿಸಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಕಟ್ಟವೆಂದರೆ ಮಳೆಗಾಲ ಮುಗಿದು ತೋಡಿನ ಹರಿವು ತಗ್ಗಿದಾಗ ಕಲ್ಲು, ಮಣ್ಣು, ಸೊಪ್ಪುಗಳಿಂದ ಊರವರು ಸೇರಿ ಹಾಕುವ ತಾತ್ಕಾಲಿಕ ಒಡ್ಡು. ಮುಂದಿನ ಮಳೆಗೆ ಅದು ಕೊಚ್ಚಿಹೋಗುತ್ತದೆ. ಕಾಸರಗೋಡಿನ ಏತಡ್ಕ ಇಂಥ ಸಾಲು ಕಟ್ಟಗಳಿಗೆ ಹೆಸರಾಗಿದೆ. ಪುತ್ತೂರಿನಿಂದ 1988ರಲ್ಲಿ ಹೊರಡಲು ತೊಡಗಿದ 'ಅಡಿಕೆ ಪತ್ರಿಕೆ' ಮತ್ತು ಅದರ ಸಂಪಾದಕ ಶ್ರೀ ಪಡ್ರೆ ಅವರ ಬರವಣಿಗೆ ಈ ಅನುಭವವನ್ನು ಊರಿಂದೂರಿಗೆ ತಲುಪಿಸಿದವು.

ಕಟ್ಟದ ಫಲ ಅದು ಹಿಡಿದಿಟ್ಟ ನೀರಿನ ಲೀಟರು ಲೆಕ್ಕಕ್ಕೆ ನಿಲ್ಲುವುದಿಲ್ಲ. ನೆಲದಡಿಯ ನೀರು ಗುಡ್ಡೆಯಿಂದ ತೋಡಿನ ಕಡೆಗೆ ಹರಿಯುವ ವೇಗ ಅವೆರಡರ ನೀರಿನ ಮಟ್ಟದ ಅಂತರವನ್ನು ಅವಲಂಬಿಸಿದೆ. ತೋಡಿನಲ್ಲಿ ಐದಾರು ಅಡಿ ನೀರು ನಿಂತರೆ ಅಂತರ ಕಡಿಮೆಯಾಗುತ್ತದೆ, ಬದಿಯ ಬಾವಿ ಬರಿದಾಗುವುದು ನಿಧಾನವಾಗುತ್ತದೆ. ಬಾವಿಗೆ ಹೊಸ ನೀರು ಬಂತೆಂದು ಜನ ಹೇಳುವುದರಲ್ಲಿ ಬಹುಪಾಲು ಹಳೆಯ ನೀರು ಹೊರಟುಹೋಗದೆ ಉಳಿದುದರ ಫಲ.

ಬದಲಾದ ನೆಲ

ಕಳೆದ ನಾಲ್ಕೈದು ದಶಕಗಳಲ್ಲಿ ಈ ವ್ಯವಸ್ಥೆ ಸಡಿಲವಾಗಿದೆ. ಆಳುಗಳ ಅಭಾವ, ಭತ್ತದ ಬೆಲೆ, ಅಡಿಕೆಯ ಆದಾಯ ಇವು ಕೂಡಿ ಬೈಲುಗಳನ್ನು ತೋಟ ಮಾಡಿದವು. ಗದ್ದೆ ತಿಂಗಳುಗಟ್ಟಲೆ ನೀರನ್ನು ಬದುವಿನೊಳಗೆ ನಿಲ್ಲಿಸಿಕೊಳ್ಳುತ್ತಿತ್ತು. ಅಡಿಕೆಗೆ ಬೇರಿನ ಬುಡದಲ್ಲಿ ನೀರು ನಿಲ್ಲಕೂಡದು. ಆದ್ದರಿಂದ ತೋಟದಲ್ಲಿ ಆಳವಾದ ಕಣಿ ತೆಗೆದು ಮಳೆನೀರನ್ನು ಬೇಗ ಹೊರಗೆ ಕಳಿಸುತ್ತಾರೆ. ಬೇಸಗೆಯಲ್ಲಿ ಅದೇ ತೋಟಕ್ಕೆ ನೀರು ಬೇಕು. ಎಂದರೆ ಬೆಳೆಯ ಬದಲಾವಣೆ ನೀರನ್ನು ತಂಗಿಸುವ ಜಾಗವನ್ನು ಕಳೆಯಿತು, ತಂಗಿದ ನೀರಿನ ಬೇಡಿಕೆಯನ್ನು ಏರಿಸಿತು. ಮೇಲುಗಡೆ ಸೊಪ್ಪು, ದರಗಿಗೆ (ಉದುರಿದ ಎಲೆಗೆ) ಬಳಕೆಯಾಗುತ್ತಿದ್ದ ಕುಮ್ಕಿ, ಎಂದರೆ ಕೃಷಿಭೂಮಿಗೆ ತಾಗಿದ ಸರಕಾರಿ, ಗುಡ್ಡೆಗಳಲ್ಲಿ ಯಂತ್ರದಿಂದ ತಟ್ಟು ಮಾಡಿ ರಬ್ಬರು, ಅಡಿಕೆ ಹಾಕಿದ್ದಾರೆ. 1964ರ ಭಾರತ–ಸಿಲೋನ್ ಒಪ್ಪಂದದ ಬಳಿಕ ಬಂದ ತಮಿಳು ಕುಟುಂಬಗಳ ಪುನರ್ವಸತಿಗಾಗಿ ಸುಳ್ಯ, ಪುತ್ತೂರು ಕಡೆ ಸರಕಾರಿ ರಬ್ಬರು ತೋಟಗಳೂ ಎದ್ದವು. ಇವೆಲ್ಲಕ್ಕೂ ಬದುಕಿನ ಕಾರಣಗಳಿದ್ದವು. ಯಾರನ್ನೂ ದೂರುವ ಪ್ರಶ್ನೆಯಿಲ್ಲ. ಲೆಕ್ಕ ಮಾತ್ರ ನೋಡಬೇಕು. ಒಂದು ಎಕರೆಯ ಮೇಲೆ 4,000 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 1.6 ಕೋಟಿ ಲೀಟರ್. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು ಎಂಬುದು ತೋಟಗಾರಿಕಾ ವಿಜ್ಞಾನಿಗಳ ಶಿಫಾರಸು. ಎಕರೆಗೆ 550 ಮರ, 150 ದಿನದ ಬೇಸಗೆ ಎಂದು ಹಿಡಿದರೂ ಬೇಕಾಗುವುದು 16.5 ಲಕ್ಷ ಲೀಟರ್, ಆ ಎಕರೆಯ ಮೇಲೆ ಬಿದ್ದ ಮಳೆಯ ಹತ್ತನೆಯ ಒಂದು ಪಾಲು. ಸ್ಪ್ರಿಂಕ್ಲರಿನಲ್ಲಿ ಬಿಟ್ಟರೆ ಇದಕ್ಕಿಂತ ಹೆಚ್ಚು ಬೇಕು, ನಿಜ. ಹಾಗಿದ್ದರೂ ಮಳೆ ಸಾಲದೆಂದು ಹೇಳುವಂತಿಲ್ಲ.

ಆಕ್ಷೇಪಗಳು

ಮಳೆಯೇ ಮೊದಲಿನಂತಿಲ್ಲ, ನೆಲವನ್ನು ಯಾಕೆ ದೂರಬೇಕು ಎಂಬುದು ಸಾಮಾನ್ಯ ಆಕ್ಷೇಪ. ವರ್ಷದಿಂದ ವರ್ಷಕ್ಕೆ ಏರುಪೇರು ಇದ್ದೇ ಇದೆ. ಆದರೆ ಮಳೆ ಕಾಲುಭಾಗ ಕಡಿಮೆಯಾದ ವರ್ಷವೂ 3,000 ಮಿ.ಮೀ. ಉಳಿಯುತ್ತದೆ, ಮೇಲಿನ ಲೆಕ್ಕ ಆಗಲೂ ತಪ್ಪುವುದಿಲ್ಲ. ಆಕ್ಷೇಪದಲ್ಲಿ ಹುರುಳಿರುವುದು ಮಳೆಯ ಸ್ವಭಾವದ ವಿಚಾರದಲ್ಲಿ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿಯಬಲ್ಲ ಆವಿ ಶೇ. 7ರಷ್ಟು ಹೆಚ್ಚುತ್ತದೆ. ಅದು ಒಮ್ಮೆಗೇ ಸುರಿದರೆ ಇಂಗಲು ವ್ಯವಧಾನವೇ ಸಿಗುವುದಿಲ್ಲ. 2022ರ ಆಗಸ್ಟ್ ಆರಂಭದಲ್ಲಿ ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಪಲ್ಲತ್ತಡ್ಕ, ಸುಬ್ರಹ್ಮಣ್ಯ ಭಾಗದಲ್ಲಿ ಸುರಿದ ಮಳೆಯ ನೀರು ಸೇತುವೆ, ಅಂಗಡಿ, ತೋಟಗಳಿಗೆ ನುಗ್ಗಿತು. ಇಂಥ ಮಳೆ ಹೆಚ್ಚುವುದಾದರೆ ನೀರನ್ನು ನಿಧಾನಿಸುವ ಏರ್ಪಾಡಿನ ಅಗತ್ಯವೂ ಹೆಚ್ಚುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಜುಲೈಯಲ್ಲಿ ಬಾವಿ ತುಂಬಿ ಹರಿಯುತ್ತದೆ. ನೆಲವೇ ತುಂಬಿರುವಾಗ ಇಂಗುಗುಂಡಿ ತೋಡಿ ಪ್ರಯೋಜನವೇನು? ಬೈಲಿನ ಮಟ್ಟಿಗೆ ಈ ಮಾತು ಸರಿ. ತುಂಬಿದ ಮುರಕಲ್ಲಿನ ಪದರಕ್ಕೆ ಮತ್ತೆ ನೀರು ತುಂಬಿಸಲು ಆಗದು. ಅದಕ್ಕೇ ಕಾಲವನ್ನು ಗಮನಿಸಬೇಕು. ಅಕ್ಟೋಬರ್–ನವೆಂಬರ್‌ಗಳ ಗುಡುಗುಮಳೆ ಬೀಳುವಾಗ ನೆಲದಡಿಯ ಮಟ್ಟ ಇಳಿಯತೊಡಗಿರುತ್ತದೆ. ಆಗ ಇಂಗಿದ ನೀರು ಮಾರ್ಚ್‌ಗೆ ಹತ್ತಿರದ ನೀರು. ನವೆಂಬರ್–ಡಿಸೆಂಬರ್‌ನಲ್ಲಿ ಹಾಕಿದ ಕಟ್ಟ ಇಳಿಯುವ ಮಟ್ಟವನ್ನು ತಡೆಯುತ್ತದೆ. ತೋಟಕ್ಕೆ ಹೊದೆಸಿದ ಸೊಪ್ಪು ನೆಲದ ತೇವ ಆವಿಯಾಗುವುದನ್ನು ತಗ್ಗಿಸುತ್ತದೆ. ಮಳೆಗಾಲದ ನಡುವೆ ಮಾಡುವ ಕೆಲಸಕ್ಕಿಂತ ಅದರ ಬಾಲದಲ್ಲಿ ಮಾಡುವ ಕೆಲಸಕ್ಕೆ ಬೆಲೆ ಹೆಚ್ಚು. ಊರವರು ಕಟ್ಟಕ್ಕೆ ಆರಿಸಿದ್ದ ತಿಂಗಳೇ ಇದನ್ನು ಹೇಳುತ್ತದೆ.

ಕೊಳವೆಬಾವಿ ಇರುವಾಗ ಇಷ್ಟೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಮುರಕಲ್ಲು, ಶೇಡಿಗಳನ್ನು ದಾಟಿ ಗಟ್ಟಿ ಶಿಲೆಯ ಬಿರುಕಿಗೆ ಇಳಿಯುವ ಕೊಳವೆ ಮುಟ್ಟುವುದು ನಿಧಾನವಾಗಿ ತುಂಬುವ ಖಜಾನೆಯನ್ನು. ಅಲ್ಲಿಂದ ವರ್ಷ ವರ್ಷ ತೆಗೆಯುವುದು ಅಲ್ಲಿಗೆ ಇಳಿಯುವುದಕ್ಕಿಂತ ಹೆಚ್ಚಾದರೆ ಮುಂದಿನ ಕೊಳವೆ ಇನ್ನೂ ಆಳಕ್ಕೆ ಹೋಗಲೇಬೇಕು. ಬಿರುಕುಗಳು ಮೇಲಿನ ಪದರಕ್ಕೆ ಕೂಡಿಕೊಂಡಿರುವ ಕಡೆ ಪಕ್ಕದ ತೆರೆದ ಬಾವಿ, ಸುರಂಗಗಳೂ ಸೊರಗುತ್ತವೆ. ಬರಗಾಲದ ಆಪದ್ಧನವಾಗಿ ಅದು ಬೇಕಾದೀತು. ವರ್ಷದ ಸಂಪಾದನೆಯಾಗಿ ಎಣಿಸಲಾಗದು.

ಇಂಗಿಸಿದರೆ ಗುಡ್ಡ ಜರಿಯದೇ ಎಂಬ ಭಯಕ್ಕೆ ಆಧಾರವಿದೆ. 2018ರ ಆಗಸ್ಟ್‌ನಲ್ಲಿ ಸುಳ್ಯದ ಗಡಿಯಾಚೆಯ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡಗಳು ಕುಸಿದು ಮಂಗಳೂರು–ಮಡಿಕೇರಿ ಹೆದ್ದಾರಿ ಮುಚ್ಚಿತ್ತು. ನೀರು ತುಂಬಿದ ಸಡಿಲ ಮಣ್ಣು ಕಡಿದಾದ ಇಳಿಜಾರಿನಲ್ಲಿ ಜಾರುತ್ತದೆ, ಬುಡ ಕಡಿದಿದ್ದರೆ ಇನ್ನೂ ಬೇಗ. ಆದ್ದರಿಂದ ಘಟ್ಟದ ಮಗ್ಗುಲಲ್ಲಿ, ಮನೆಗಳ ಹಿಂದಿನ ಬರೆಯ ಮೇಲೆ ಗುಂಡಿ ತೋಡುವುದು ತಪ್ಪು. ಅಲ್ಲಿ ನೀರು ನಿಧಾನಿಸುವ ಕೆಲಸ ಕಾಡಿನದು. ಗುಂಡಿ, ಮದಕಗಳಿಗೆ ಜಾಗ ಚಪ್ಪಟೆ ನೆತ್ತಿಯ ಮುರಕಲ್ಲು ಗುಡ್ಡೆ. ಕಟ್ಟಕ್ಕೆ ಜಾಗ ತೋಡು. ಕಾಡು ತಾನೇ ನೀರು ಕುಡಿಯುತ್ತದಲ್ಲ ಎಂದರೆ, ಕುಡಿಯುವುದು ಹೌದು. ಮರ ಬೆಳೆದಲ್ಲೆಲ್ಲ ಹೊಳೆ ತುಂಬುತ್ತದೆಂಬ ನಂಬಿಕೆಗೆ ಬುಡವಿಲ್ಲ. ಆದರೆ ಬೇರು, ದರಗುಗಳಿಂದ ಸಡಿಲವಾದ ಸಹಜ ಕಾಡಿನ ಮಣ್ಣು ಜಡಿಮಳೆಯನ್ನು ಒಳಕ್ಕೆ ಬಿಟ್ಟುಕೊಂಡು ಬೇಸಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹೊರಬಿಡುತ್ತದೆ. ತುಳಿದು ಗಟ್ಟಿಯಾದ ನೆಲ ಅದನ್ನೇ ಅಂದೇ ಹೊರದಬ್ಬುತ್ತದೆ. ಕಾಡು ಒಟ್ಟು ನೀರನ್ನು ಹೆಚ್ಚಿಸದಿರಬಹುದು, ನೀರಿನ ಕಾಲವನ್ನು ಹೆಚ್ಚಿಸುತ್ತದೆ.

ಕೊನೆಯ ಆಕ್ಷೇಪ ಹೊರಗಿನಿಂದ ಬರುವುದು: ಪಶ್ಚಿಮದ ಹೊಳೆಗಳ ನೀರು ಕಡಲಿಗೆ ಸೇರಿ ವ್ಯರ್ಥವಾಗುತ್ತಿದೆ. ಜಲಚಕ್ರದಲ್ಲಿ ವ್ಯರ್ಥವೆಂಬ ಖಾತೆಯಿಲ್ಲ. ನದಿ ಕಡಲಿಗೆ ಮರಳು, ಪೋಷಕಾಂಶಗಳನ್ನು ಒಯ್ಯುತ್ತದೆ, ಅಳಿವೆಯಲ್ಲಿ ಉಪ್ಪುನೀರನ್ನು ಹಿಂದಕ್ಕೆ ತಳ್ಳುತ್ತದೆ, ದಾರಿಯಲ್ಲಿ ತುಂಬೆಯ ಅಣೆಕಟ್ಟಿನಿಂದ ಮಂಗಳೂರಿಗೆ ಕುಡಿಯಲು ಸಿಗುತ್ತದೆ. ಗುಂಡ್ಯ ಹೊಳೆಯ ಮೂಲದ ತೊರೆಗಳಿಂದ 24 ಟಿಎಂಸಿ ನೀರನ್ನು ಪೂರ್ವದ ಬರಡು ಜಿಲ್ಲೆಗಳಿಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಸಿಕ್ಕಿತು. ಅಲ್ಲಿ ಸಿಗುವ ನೀರು 9.55 ಟಿಎಂಸಿ ಮಾತ್ರ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಮಳೆಗಾಲದ ಪ್ರವಾಹವನ್ನೂ ಬೇಸಗೆಯ ತಳಹರಿವನ್ನೂ ಕೂಡಿಸಿ ಒಂದೇ ಮೊತ್ತವಾಗಿ ತೋರಿಸುವ ಲೆಕ್ಕದಿಂದ ಎರಡೂ ಕಡೆಯವರಿಗೆ ಮೋಸವಾಗುತ್ತದೆ. ಕುಮಾರಧಾರೆಯನ್ನು ನಂಬಿದವರಿಗೆ ಜುಲೈಯ ಟಿಎಂಸಿಯೂ ಮಾರ್ಚ್‌ನ ಟಿಎಂಸಿಯೂ ಒಂದೇ ಬೆಲೆಯವಲ್ಲ.

ಅಳೆಯಬೇಕಾದದ್ದು

ಇಂದು ಮಳೆಯ ಲೆಕ್ಕಕ್ಕೆ ಕೊರತೆಯಿಲ್ಲ. ಗ್ರಾಮ ಪಂಚಾಯತಿಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳಿವೆ, ಮನೆಯಂಗಳದಲ್ಲೇ ಮಳೆ ಅಳೆದು ಬರೆದಿಡುವ ಕೃಷಿಕರೂ ಈ ಸೀಮೆಯಲ್ಲಿದ್ದಾರೆ. ಆದರೆ ಮಿಲಿಮೀಟರು ಹೇಳುವುದು ಎಷ್ಟು ಬಂತು ಎಂಬುದನ್ನು ಮಾತ್ರ. ಎಷ್ಟು ಕಾಲ ಉಳಿಯಿತು ಎಂಬುದನ್ನು ತೋಡು ಮತ್ತು ಬಾವಿ ಹೇಳುತ್ತವೆ. ಪುತ್ತೂರು, ಸುಳ್ಯ, ಕಡಬದ ಪ್ರತಿ ಪಂಚಾಯತಿಯೂ ತನ್ನ ತೋಡುಗಳ ಹರಿವು ನಿಂತ ತಾರೀಕನ್ನು, ಕೆಲವು ತೆರೆದ ಬಾವಿಗಳ ಡಿಸೆಂಬರ್ ಮತ್ತು ಮಾರ್ಚ್ ತಿಂಗಳ ಮಟ್ಟವನ್ನು ವರ್ಷ ವರ್ಷ ದಾಖಲಿಸಬೇಕು. ಕಿಂಡಿ ಅಣೆಕಟ್ಟಿಗಾಗಲಿ ಇಂಗುಗುಂಡಿಗಾಗಲಿ ಹಾಕಿದ ಹಣ ಸಾರ್ಥಕವಾಯಿತೇ ಎಂಬುದನ್ನು ಆ ತಾರೀಕು ಎಷ್ಟು ದಿನ ಮುಂದಕ್ಕೆ ಹೋಯಿತು ಎಂಬುದರಿಂದಲೇ ನಿರ್ಣಯಿಸಬೇಕು.